ಬೇರೆಯವರ ಪ್ರೋಗ್ರಾಂ ಬಿಚ್ಚಿ ನೋಡುವಾಗ ನಾನು ಹಾಕಿಕೊಂಡ ಗೆರೆ

ನಮ್ಮೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಹಾಕಲು ಹಳೆಯ ಪ್ರೋಗ್ರಾಂ ಒಂದಿತ್ತು. ದುಡ್ಡು ಕೊಟ್ಟು ತಗೊಂಡಿದ್ದೇ. ಆದರೆ ಅದರೊಳಗಿನ ಲೆಕ್ಕವನ್ನು ಎಕ್ಸೆಲ್‌ಗೆ ತರುವ ದಾರಿ ಇರಲಿಲ್ಲ. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಕಂಪನಿ ಮುಚ್ಚಿದರೂ ಕಾಪಿರೈಟ್ ಹೋಗುವುದಿಲ್ಲ, ಅಲ್ವಾ? ಲೆಕ್ಕ ಅಂಗಡಿಯವರದ್ದು, ಪ್ರೋಗ್ರಾಂ ಬೇರೆಯವರದ್ದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೂತೆ.

ಮೊದಲು ಕೋಡ್ ಮುಟ್ಟಲಿಲ್ಲ. ಫೈಲುಗಳ ಕಾಪಿ ಮಾಡಿಕೊಂಡೆ. ಒಂದು ಬಿಲ್ಲಿನ ಮೊತ್ತ ಬದಲಿಸಿ ಸೇವ್ ಮಾಡುವುದು, ಹಳೆಯದನ್ನೂ ಹೊಸದನ್ನೂ ಫೈಲಿನ ಬೈಟುಗಳನ್ನು ಅಂಕಿಗಳಲ್ಲಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡುವುದು. 100 ರೂಪಾಯಿ ಹಾಕಿದರೆ 10 27 00 00 ಎಂಬ ನಾಲ್ಕು ಬೈಟ್ ಬಂತು. ಹಿಂದಿನಿಂದ ಓದಿದರೆ ಹೆಕ್ಸ್‌ನಲ್ಲಿ 2710. ಹೆಕ್ಸ್ ಅಂದರೆ 16ರ ಲೆಕ್ಕ; ನಮ್ಮ ಹತ್ತರ ಲೆಕ್ಕದಲ್ಲಿ ಇದು 10,000. ಪೈಸೆಯಲ್ಲಿ ಲೆಕ್ಕ ಇಟ್ಟಿದ್ದಾರೆ! ಕಲಿಕೆಯ ನಿಜವಾದ ಖುಷಿ ಇರುವುದು ಇಲ್ಲೇ. ಹೆಚ್ಚಿನ ಕೆಲಸ ಹೀಗೆ ಹೊರಗಿನಿಂದ ನೋಡಿಯೇ ಮುಗಿಯಿತು.

ಸಾಮಾನುಗಳ ಹೆಸರು ಮಾತ್ರ ಓದಲು ಬರಲಿಲ್ಲ. ಒಂದೇ ಹೆಸರು ಬಿಲ್ಲಿಗೊಂದು ರೀತಿ ಕಾಣುತ್ತಿತ್ತು. ಆಗ ಗೀಡ್ರಾ ತೆರೆದೆ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2019ರಲ್ಲಿ ಉಚಿತವಾಗಿ ಬಿಟ್ಟ ಸಾಧನ ಅದು; ಪ್ರೋಗ್ರಾಂ ಒಳಗಿನ ಕೋಡನ್ನು ಓದಲು ಬರುವಂತೆ ಬಿಚ್ಚಿ ತೋರಿಸುತ್ತದೆ. ಬಿಲ್ ನಂಬರ್ ಹಿಡಿದು ಅಕ್ಷರಗಳನ್ನು ಎಕ್ಸಾರ್ ಮಾಡಿದ್ದರು, ಅಂದರೆ ಆ ನಂಬರಿನ ಜೊತೆ ಬಿಟ್ ಬಿಟ್ಟಾಗಿ ಬೆರೆಸಿ ಮರೆಮಾಡಿದ್ದರು.

ಹೀಗೆ ಬಿಚ್ಚಿ ನೋಡಲು ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಜಾಗ ಇದೆ. ಪ್ರೋಗ್ರಾಂ ಅನ್ನು ಕಾನೂನುಬದ್ಧವಾಗಿ ಇಟ್ಟುಕೊಂಡವರು, ಅದರ ಜೊತೆ ತಮ್ಮ ಪ್ರೋಗ್ರಾಂ ಹೊಂದಿಸಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ಹುಡುಕಿಕೊಳ್ಳಬಹುದು. ಅವರ ಕೋಡನ್ನು ಎತ್ತಿಕೊಂಡು ನನ್ನದು ಅನ್ನಲು ಅದು ಅನುಮತಿ ಅಲ್ಲ.

1984ರಲ್ಲಿ ಫೀನಿಕ್ಸ್ ಕಂಪನಿ ಕಂಪ್ಯೂಟರನ್ನು ಶುರು ಮಾಡುವ ಪ್ರೋಗ್ರಾಂ ಆದ ಐಬಿಎಂ ಬಯೋಸ್‌ಗೆ ಸಮನಾದದ್ದನ್ನು ಮಾಡಿದಾಗ, ಓದಿ ವಿವರ ಬರೆದವರೇ ಬೇರೆ, ಕೋಡ್ ಬರೆದವರೇ ಬೇರೆ. ನಾನಿದ್ದದ್ದು ಒಬ್ಬನೇ. ಹಾಗಾಗಿ ತಿಳಿದದ್ದನ್ನು ನೋಟ್‌ಬುಕ್ಕಿನಲ್ಲಿ ನನ್ನ ಮಾತಿನಲ್ಲಿ ಬರೆದೆ. ಗೀಡ್ರಾ ಮುಚ್ಚಿದೆ. ಆಮೇಲೆ ನೋಟ್‌ಬುಕ್ ಮಾತ್ರ ನೋಡಿ, ಲೆಕ್ಕವನ್ನು ಎಕ್ಸೆಲ್‌ಗೆ ತರುವ ನನ್ನ ಪ್ರೋಗ್ರಾಂ ಅನ್ನು ಪೈಥಾನ್ ಭಾಷೆಯಲ್ಲಿ ಬರೆದೆ. ಎರಡು ತಂಡದಷ್ಟು ಗಟ್ಟಿ ದಾರಿ ಇದಲ್ಲ. ಆದರೂ ಅರ್ಥವಾಗದ ಒಂದು ಸಾಲೂ ಹೀಗೆ ನುಸುಳುವುದಿಲ್ಲ.

ಹುಡುಕುವಾಗ ಲೈಸೆನ್ಸ್ ಕೀ ಪರೀಕ್ಷಿಸುವ ಭಾಗವೂ ಕಂಡಿತು. ಅದು ನನ್ನ ಕೆಲಸಕ್ಕೆ ಬೇಕಿರಲಿಲ್ಲ, ಓದದೆ ಮುಂದೆ ಹೋದೆ. ಕೀ ಇಲ್ಲದೆ ಓಡುವ ಹಾಗೆ ಮಾಡಿಕೊಡಿ ಎಂದು ಪರಿಚಯದವರೊಬ್ಬರು ಕೇಳಿದಾಗ ಆಗಲ್ಲ ಎಂದೆ. ಫೈಲಿನ ರಚನೆಯ ಟಿಪ್ಪಣಿ ಬೇಕೆಂದವರಿಗೆ ಸಂತೋಷದಿಂದ ಕೊಟ್ಟಿದ್ದೇನೆ.