ಹಂಡೆ ನೀರಿಗೆ ಥರ್ಮಾಮೀಟರ್ ಇಟ್ಟ ಮೇಲೆ

ನಮ್ಮ ಮನೆಯಲ್ಲಿ ಭಾನುವಾರವೆಂದರೆ ತಲೆಗೆ ಎರೆದುಕೊಳ್ಳುವ ದಿನ. ಬೆಳಗಿನ ಜಾವಕ್ಕೇ ಅತ್ತೆ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುಂಬಿ ಬೆಂಕಿ ಹಾಕುತ್ತಿದ್ದರು. ನಾನು ಡೇರಿಯ ಬೆಳಗಿನ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಹಂಡೆಯ ನೀರು ಕುದಿಯುತ್ತಿರುತ್ತಿತ್ತು. ಹರಳೆಣ್ಣೆ ಹಚ್ಚಿಸಿಕೊಂಡ ಮಕ್ಕಳಿಬ್ಬರೂ ಅಂಗಳದ ಬಿಸಿಲಿನಲ್ಲಿ ಕೂತು ಸರದಿ ಕಾಯುತ್ತಿದ್ದರು. ಮೈ ಕೆಂಪಗಾಗದಿದ್ದರೆ ಅದು ಸ್ನಾನವೇ ಅಲ್ಲ ಎಂಬುದನ್ನು ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗನಿಗೆ ಆಗ ಆರು ವರ್ಷ. ಆ ಭಾನುವಾರ ನಾನು ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಅತ್ತೆ ಒಂದರ ಹಿಂದೊಂದು ಚೊಂಬು ಹುಯ್ಯುತ್ತಿದ್ದರು. ಐದನೆಯದಕ್ಕೋ ಆರನೆಯದಕ್ಕೋ ಅವನ ಗಲಾಟೆ ನಿಂತುಹೋಯಿತು. ಸೀಗೇಪುಡಿಯ ನೀರು ಕಣ್ಣಿಗಿಳಿಯುತ್ತಿದ್ದರೂ ರೆಪ್ಪೆ ಬಡಿಯಲಿಲ್ಲ. ಬಲಗೈ ಚೊಂಬನ್ನು ಹುಡುಕುವಂತೆ ಗಾಳಿಯಲ್ಲಿ ಆಡಿತು. "ಇನ್ನೂ ಹುಯ್ಯಿ, ಇನ್ನೂ ಹುಯ್ಯಿ" ಎಂದ. ಮೂರನೆಯ ಸಲ ಮಾತು ತೊದಲಿತು, ಬಾಯಿ ಒಂದು ಕಡೆಗೆ ಎಳೆಯಿತು, ಮೈ ಸೆಟೆದು ಮಣೆಯಿಂದ ಜಾರಿದ. ಅತ್ತೆಯ ಕೈಯಿಂದ ಬಿದ್ದ ಚೊಂಬಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಪಕ್ಕದ ಮನೆಯವರು ಬೀಗದ ಕೈ ತಂದು ಅವನ ಮುಷ್ಟಿಗೆ ತುರುಕಿದರು. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಹಲ್ಲಿನ ನಡುವೆ ಚಮಚ ಇಡಲು ಹೋದವಳು ನಾನೇ. ಅದು ತಪ್ಪೆಂದು ಆಗ ನನಗೆ ಗೊತ್ತಿರಲಿಲ್ಲ. ಎರಡು ನಿಮಿಷದೊಳಗೆ ಫಿಟ್ಸ್ ತಾನಾಗಿ ನಿಂತಿತು. ಕಬ್ಬಿಣದಿಂದ ನಿಂತಿತು ಎಂದು ಊರು ಹೇಳಿತು.

ಆಮೇಲೆ ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಬಾಲಗ್ರಹ ಎಂದರು, ಗಾಳಿ ಸೋಕಿದೆ ಎಂದರು, ಹರಕೆ ಬಾಕಿಯಿದೆ ಎಂದರು. ಸೊಸೆಗೆ ಡೇರಿ ಕೆಲಸವೇ ಹೆಚ್ಚಾಯಿತು ಎಂಬ ಮಾತೂ ಬಂತು. ನನ್ನ ಗಂಡ ನನಗೆ ತಿಳಿಸದೆ ಒಂದು ತಾಯತ ಕಟ್ಟಿಸಿಕೊಂಡು ಬಂದರು. ಮೊದಲು ತೋರಿಸಿದ ಕಡೆ ವೈದ್ಯರು ಜ್ವರದ ಫಿಟ್ಸ್ ಇರಬೇಕು ಎಂದು ಸಿರಪ್ ಬರೆದುಕೊಟ್ಟರು. ಜ್ವರವೇ ಇರಲಿಲ್ಲ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ನಾನು ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ. ದಿನಕ್ಕೆರಡು ಹೊತ್ತು ಹಾಲು ಅಳೆಯುವುದು, ಲ್ಯಾಕ್ಟೋಮೀಟರ್ ಬಿಡುವುದು, ಅದರ ಜೊತೆಗೇ ಹಾಲಿನ ಉಷ್ಣಾಂಶ ನೋಡುವುದು, ಬರೆಯುವುದು ನನ್ನ ಕೆಲಸ. ಬರೆಯದೆ ಇದ್ದದ್ದು ನನ್ನ ಪಾಲಿಗೆ ನಡೆದೇ ಇಲ್ಲ. ಹಾಗಾಗಿ ಮಗನದ್ದನ್ನೂ ಒಂದು ಹಳೆಯ ರಿಜಿಸ್ಟರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ: ತಾರೀಖು, ಹೊತ್ತು, ಏನು ತಿಂದಿದ್ದ, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದ, ಎಷ್ಟು ನಿಮಿಷ ಇತ್ತು. ಎರಡನೆಯದು ಬಂದಾಗಲೂ ಬರೆದೆ. ಮೂರನೆಯದನ್ನು ಬರೆಯುವಾಗ ಕೈ ಅಲ್ಲೇ ನಿಂತಿತು. ಮೂರೂ ಭಾನುವಾರ, ಮೂರೂ ಬಚ್ಚಲುಮನೆ, ಮೂರೂ ತಲೆಗೆ ನೀರು ಬಿದ್ದ ಮೇಲೆ. ವಾರದ ನಡುವೆ ಮೈಗೆ ಮಾತ್ರ ಸ್ನಾನ ಮಾಡಿಸಿದ ದಿನಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಆ ಹಾಳೆಯನ್ನೇ ಹರಿದುಕೊಂಡು ಬೆಂಗಳೂರಿನ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಅದನ್ನು ಎರಡು ಸಲ ಓದಿದರು. "ಅಮ್ಮಾ, ಅರ್ಧ ಕೆಲಸ ನೀವೇ ಮಾಡಿದ್ದೀರಿ. ಇದು ಬಿಸಿನೀರು ಅಪಸ್ಮಾರ, ಬಿಸಿನೀರು ತಲೆಗೆ ಬಿದ್ದಾಗ ಬರುವ ಫಿಟ್ಸ್. ನಮ್ಮ ಕಡೆ ಇದು ಹೊಸದಲ್ಲ" ಎಂದರು. ಬೇರೆ ದೇಶಗಳಲ್ಲಿ ಅಪರೂಪವಾದ ಈ ಬಗೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಹಳೆಯ ಮೈಸೂರು ಸೀಮೆಯಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಗಾರರು 1988ರಲ್ಲೇ ಇಂತಹ 279 ಮಂದಿಯ ವಿವರ ಪ್ರಕಟಿಸಿದ್ದರಂತೆ. ಅದಕ್ಕೂ ಮೊದಲೇ ಬೆಂಗಳೂರಿನ ಡಾ. ಕೆ.ಎಸ್. ಮಣಿ ಇದರ ಬಗ್ಗೆ ಬರೆದಿದ್ದರಂತೆ. ತುಂಬಾ ಬಿಸಿಯಾದ ನೀರನ್ನು ಚೊಂಬಿನಲ್ಲಿ ತಲೆಯ ಮೇಲೆ ಬೇಗ ಬೇಗ ಹುಯ್ದಾಗ ಕೆಲವರ ಮಿದುಳು ಅದನ್ನು ತಡೆದುಕೊಳ್ಳುವುದಿಲ್ಲ. ಕೆಲವು ಮಕ್ಕಳು ಆ ಹೊತ್ತಿನಲ್ಲಿ ಇನ್ನೂ ಇನ್ನೂ ನೀರು ಕೇಳುತ್ತಾರೆ ಎಂದು ಅವರು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ನನ್ನ ಮಗನ ಮಾತನ್ನು ನಾನಿನ್ನೂ ಅವರಿಗೆ ಹೇಳಿರಲಿಲ್ಲ.

ತಲೆಗೆ ತಂತಿ ಅಂಟಿಸಿ ಇಇಜಿ ಮಾಡಿದರು, ಎಂಆರ್‌ಐ ಮಾಡಿದರು. ಎರಡರಲ್ಲೂ ಏನೂ ಸಿಗಲಿಲ್ಲ. ಈ ಬಗೆಯಲ್ಲಿ ಫಿಟ್ಸ್ ಇಲ್ಲದ ಹೊತ್ತಿನ ಇಇಜಿ ಬಹಳ ಸಲ ಸರಿಯಾಗಿಯೇ ಇರುತ್ತದೆ, ನೋಡಿದವರು ಹೇಳುವ ವಿವರವೇ ಮುಖ್ಯ ಎಂದರು. ಇದನ್ನು ಓದುತ್ತಿರುವ ತಂದೆತಾಯಂದಿರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಬರೆದಿಡಿ. ಇನ್ನೊಬ್ಬರು ಮಗುವಿನ ಪಕ್ಕದಲ್ಲಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ನಾವು ಗಾಬರಿಯಲ್ಲಿ "ಕೈಕಾಲು ಅದುರಿತು" ಎಂದಷ್ಟೇ ಹೇಳುತ್ತೇವೆ. ಯಾವ ಕೈ ಮೊದಲು, ಕಣ್ಣು ಯಾವ ಕಡೆ ತಿರುಗಿತು ಎಂಬುದು ವೈದ್ಯರಿಗೆ ಬೇಕು.

ಮನೆಗೆ ಬಂದ ಸಂಜೆ ಡೇರಿಯಿಂದ ಒಂದು ಥರ್ಮಾಮೀಟರ್ ತಂದು, ನಾವು ದಿನವೂ ಬೆರೆಸುವ ಹದಕ್ಕೆ ಬೆರೆಸಿದ ನೀರಿನಲ್ಲಿ ಅದ್ದಿದೆ. ನಲವತ್ತೇಳು ಡಿಗ್ರಿ. ಅತ್ತೆ ಅದರಲ್ಲಿ ಕೈಯಿಟ್ಟು "ಇದು ಹದವಾಗಿಯೇ ಇದೆಯಲ್ಲ" ಎಂದರು. ವರ್ಷಗಟ್ಟಲೆ ಒಲೆಯ ಮುಂದೆ ದುಡಿದ ಕೈ ಅದು, ಅದಕ್ಕೆ ಬಿಸಿ ತಿಳಿಯುವುದೇ ಬೇರೆ. ಮೂವತ್ತೇಳಕ್ಕೆ ಬರುವ ತನಕ ತಣ್ಣೀರು ಸೇರಿಸಿದೆ. ಉಗುರು ಬೆಚ್ಚಗಾಯಿತು. ಅತ್ತೆಗೆ ಅಂಕಿ ಓದಲು ಬಾರದು. ಮಗಳು ತನ್ನ ಉಗುರಿನ ಬಣ್ಣ ತಂದು ಗಾಜಿನ ಕೊಳವೆಯ ಮೇಲೆ, ಮೂವತ್ತೇಳರ ನೇರಕ್ಕೆ, ತೆಳ್ಳಗೆ ಒಂದು ಗೆರೆ ಎಳೆದಳು. "ಅಜ್ಜಿ, ಕೆಂಪು ನೀರು ಈ ಗೆರೆ ದಾಟಬಾರದು, ಅಷ್ಟೇ."

ಆದರೆ ಅತ್ತೆ ಆ ಗೆರೆಯನ್ನು ನೋಡಲೂ ಇಲ್ಲ. "ನನ್ನ ಕೈಯಾರೆ ಮಗುವಿಗೆ ಹೀಗೆ ಮಾಡಿದೆನಲ್ಲವ್ವಾ" ಎಂದು ಬಚ್ಚಲ ಕಡೆ ಹೋಗುವುದನ್ನೇ ಬಿಟ್ಟರು. ಮೊಮ್ಮಗನನ್ನು ಎತ್ತಿಕೊಳ್ಳಲೂ ಹಿಂಜರಿದರು. ಕಾಯಿಲೆಗೆ ಹೆಸರು ಸಿಕ್ಕಿದ್ದು ನನಗೆ ಸಮಾಧಾನವಾದರೆ ಅವರಿಗೆ ಅದೇ ತೀರ್ಪಿನಂತೆ ಕಂಡಿತು. ಈ ಭಾಗಕ್ಕೆ ಯಾವ ಆಸ್ಪತ್ರೆಯಲ್ಲೂ ನಮಗೆ ಚೀಟಿ ಬರೆದುಕೊಡಲಿಲ್ಲ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ನಾನು ಹಟ ಹಿಡಿದು ಅವರನ್ನೂ ಕರೆದುಕೊಂಡು ಹೋದೆ. ವೈದ್ಯರು ಅವರನ್ನು ಎದುರಿಗೆ ಕೂರಿಸಿಕೊಂಡು, "ಮಗಳಿಗೂ ಅದೇ ನೀರು ಹುಯ್ದಿರಿ, ಅವಳಿಗೆ ಬಂತೇ? ನೀರು ಕಾಯಿಲೆ ಕೊಡಲಿಲ್ಲ ಅಮ್ಮಾ, ಮಗುವಿನಲ್ಲಿ ಇದ್ದದ್ದನ್ನು ತೋರಿಸಿತು" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ರಾಮನಗರದಿಂದ ಮದ್ದೂರಿನ ತನಕ ಅತ್ತೆ ನನ್ನ ಕೈ ಹಿಡಿದುಕೊಂಡೇ ಇದ್ದರು.

ಭಾನುವಾರದ ಕ್ರಮವನ್ನು ಬದಲಿಸಿದೆವು. ಫಿಟ್ಸ್ ತಡೆಯಲು ವೈದ್ಯರು ಬರೆದ ಕ್ಲೋಬಜಾಮ್ ಮಾತ್ರೆಯನ್ನು ತಲೆಸ್ನಾನಕ್ಕೆ ಒಂದೂವರೆ ಗಂಟೆ ಮೊದಲು ಕೊಡುವುದು, ಅವರು ಹೇಳಿದಷ್ಟೇ. ಆಮೇಲೆ ಗೆರೆ ಮೀರದ ನೀರು. ಚೊಂಬಿನ ಬದಲು ಒಂದು ಸಣ್ಣ ಲೋಟ, ಅದನ್ನೂ ನಿಧಾನವಾಗಿ, ಬಿಟ್ಟು ಬಿಟ್ಟು. ಬಚ್ಚಲ ಒಳಗಿನ ಚಿಲಕ ಕಿತ್ತೆವು, ಮಣೆಯ ಕೆಳಗೆ ರಬ್ಬರ್ ಮ್ಯಾಟ್ ಹಾಸಿದೆವು. ಹರಳೆಣ್ಣೆ ಬಿಡಲಿಲ್ಲ, ಬಿಡಲು ಯಾರೂ ಹೇಳಲೂ ಇಲ್ಲ.

ಒಂಬತ್ತು ತಿಂಗಳು ಏನೂ ಇರಲಿಲ್ಲ. ನಂತರ ಒಂದು ರಾತ್ರಿ, ನೀರಿನ ಸಂಬಂಧವೇ ಇಲ್ಲದೆ, ನಿದ್ದೆಯಲ್ಲಿ ಬಂತು. ಬಿಸಿನೀರಿನಿಂದ ಶುರುವಾದ ಕೆಲವರಿಗೆ ಮುಂದೆ ಹೀಗೂ ಆಗುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಆದರೂ ಆ ರಾತ್ರಿ ನಾನು ಕುಸಿದೆ. ಅಷ್ಟರಲ್ಲಿ ಮಗಳು ಎದ್ದು ಗಡಿಯಾರ ನೋಡಿ, ತಮ್ಮನನ್ನು ಮಗ್ಗುಲಾಗಿ ಮಲಗಿಸಿ, ತಲೆಯಡಿ ಮಡಿಸಿದ ಟವೆಲ್ ಇಟ್ಟು, "ಅಮ್ಮಾ, ಬಾಯಿಗೆ ಏನೂ ಹಾಕಬಾರದು, ಐದು ನಿಮಿಷ ದಾಟಿದರೆ ಫಿಟ್ಸ್ ನಿಲ್ಲಿಸುವ ಮೂಗಿನ ಸ್ಪ್ರೇ, ತಕ್ಷಣ ಆಸ್ಪತ್ರೆ" ಎಂದು ನನಗೇ ನೆನಪಿಸಿದಳು. ಹನ್ನೊಂದು ವರ್ಷದ ಹುಡುಗಿ. ಎರಡು ನಿಮಿಷ ಹತ್ತು ಸೆಕೆಂಡಿಗೆ ನಿಂತಿತು. ಪೂರ್ತಿ ಎಚ್ಚರವಾಗುವ ತನಕ ಒಂದು ತೊಟ್ಟು ನೀರನ್ನೂ ಕುಡಿಸಲು ಅವಳು ಬಿಡಲಿಲ್ಲ.

ಅವಳನ್ನು ಮೆಚ್ಚಿಕೊಂಡೆ. ಅವಳ ಕಡೆ ನೋಡಲಿಲ್ಲ. ಇದನ್ನು ಬರೆಯುವುದು ನನಗೆ ಕಷ್ಟ. ಆ ವರ್ಷ ಮಾರ್ಗಶಿರದ ಚಳಿಯಲ್ಲಿ ಅವಳಿಗೆ ಕೆಮ್ಮು ಬಿಡದೆ ಕಾಡಿತು. ವಿಚಾರಿಸಿದರೆ, ನಾಲ್ಕು ತಿಂಗಳಿನಿಂದ ಅವಳು ತಣ್ಣೀರಿನಲ್ಲೇ ತಲೆಸ್ನಾನ ಮಾಡುತ್ತಿದ್ದಳು. ವೈದ್ಯರು ಹಿಂದೊಮ್ಮೆ "ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯೇ" ಎಂದು ಕೇಳಿದ್ದನ್ನು ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಳು. ತನಗೂ ಬರುತ್ತದೆ, ಬಂದರೆ ಅಮ್ಮನಿಗೆ ಇಬ್ಬರನ್ನು ನೋಡಿಕೊಳ್ಳಲು ಆಗುವುದಿಲ್ಲ ಎಂದು ತಾನೇ ತೀರ್ಮಾನಿಸಿದ್ದಳು. ಅಂದಿನಿಂದ ಬುಧವಾರ ಸಂಜೆಯ ಶಿಫ್ಟನ್ನು ಸಹಾಯಕನಿಗೆ ಬಿಟ್ಟು ಅವಳ ಜೊತೆ ಕೂರುತ್ತೇನೆ. ಆ ಹೊತ್ತಿನಲ್ಲಿ ತಮ್ಮನ ಮಾತು ಎತ್ತುವಂತಿಲ್ಲ. ಅದು ಅವಳೇ ಮಾಡಿದ ನಿಯಮ.

ರಾತ್ರಿಯ ಫಿಟ್ಸ್ ಆದ ಮೇಲೆ ದಿನನಿತ್ಯದ ಔಷಧಿ ಶುರುವಾಯಿತು. ಮೊದಲು ಲೆವೆಟಿರಸೆಟಮ್ ಕೊಟ್ಟರು. ಮೂರೇ ವಾರದಲ್ಲಿ ನಮ್ಮ ಮೆತ್ತಗಿನ ಹುಡುಗ ತಟ್ಟೆ ಎಸೆಯತೊಡಗಿದ, ಅಕ್ಕನನ್ನು ಕಚ್ಚಿದ. ಮುದ್ದು ಹೆಚ್ಚಾಯಿತು ಎಂದು ಗಂಡ ಎರಡೇಟು ಹಾಕಿದರು. ರಿಜಿಸ್ಟರಿನಲ್ಲಿ ಸಿಟ್ಟಿನ ತಾರೀಖುಗಳನ್ನು ಔಷಧಿಯ ತಾರೀಖಿನ ಪಕ್ಕ ಬರೆದಾಗ ನನಗೆ ಅನುಮಾನ ಬಂತು. ವೈದ್ಯರಿಗೆ ತಿಳಿಸಿದೆವು. ಈ ಔಷಧಿಯಿಂದ ಕೆಲವು ಮಕ್ಕಳಿಗೆ ಹೀಗಾಗುವುದುಂಟು ಎಂದು ಅವರೇ ಹಂತಹಂತವಾಗಿ ಬದಲಿಸಿದರು. ನಾವಾಗಿ ಒಂದು ದಿನವೂ ನಿಲ್ಲಿಸಲಿಲ್ಲ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು. ಅಂದು ಹೊಡೆದದ್ದಕ್ಕೆ ನನ್ನ ಗಂಡ ಮಗನ ಮುಂದೆ ಕೂತು ಕ್ಷಮೆ ಕೇಳಿದರು.

ಶಾಲೆಯವರು ಒಂದು ವಾರ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನಾನು ವೈದ್ಯರ ಪತ್ರ ಮತ್ತು ಏನು ಮಾಡಬೇಕು, ಏನು ಮಾಡಬಾರದು ಎಂದು ದಪ್ಪಕ್ಷರದಲ್ಲಿ ಬರೆದ ಒಂದು ಹಾಳೆ ಒಯ್ದು ಅವನ ತರಗತಿಯ ಶಿಕ್ಷಕಿಗೆ ಕೊಟ್ಟೆ. ಅವರು ಅದನ್ನು ಹಾಜರಿ ಪುಸ್ತಕದೊಳಗೆ ಅಂಟಿಸಿಕೊಂಡರು. ಆಟಕ್ಕೆ ತಡೆಯಿಲ್ಲ, ಮರ ಹತ್ತುವಂತಿಲ್ಲ. ವಿ.ಸಿ. ನಾಲೆಗೆ ಈಜಲು ಹೋಗುವಂತಿಲ್ಲ ಎಂದಾಗ ಮಾತ್ರ ಅವನು ಅತ್ತ.

ನೆಂಟರ ವಿಷಯ ಬೇರೆ. "ಹೊರಗೆ ಹೇಳಬೇಡಿ, ನಾಳೆ ಮಗಳಿಗೆ ಗಂಡು ನೋಡಬೇಕು" ಎಂದು ಸೋದರಮಾವನಾದಿಯಾಗಿ ಎಲ್ಲರೂ ಹೇಳಿದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ ಎಂದು ನಾನು ಹೇಳಿದೆ. ಕಾನೂನು ಕಟ್ಟಿಕೊಂಡು ಸಂಸಾರ ಮಾಡಲಾಗುತ್ತದೆಯೇ ಎಂದರು. ಸರಿ, ಮುಚ್ಚಿಟ್ಟರೆ ನನ್ನ ಮಗ ಬಿದ್ದಾಗ ಪಕ್ಕದಲ್ಲಿದ್ದವರಿಗೆ ಏನು ಮಾಡಬೇಕೆಂದು ತಿಳಿಯುವುದು ಹೇಗೆ? ನಾನು ಡೇರಿಯ ಗೋಡೆಗೇ ಆ ಹಾಳೆಯ ಒಂದು ಪ್ರತಿ ಅಂಟಿಸಿದೆ. ಹಾಲು ಹಾಕಲು ಬಂದ ಮೂವರು, ಬೇರೆ ಬೇರೆ ದಿನ, ಯಾರೂ ಇಲ್ಲದ ಹೊತ್ತು ನೋಡಿ, "ನಮ್ಮ ಹುಡುಗನಿಗೂ ತಲೆಗೆ ಎರೆದಾಗಲೇ ಹೀಗಾಗುತ್ತದೆ" ಎಂದು ಮೆಲ್ಲಗೆ ಹೇಳಿದರು. ಮೂವರಿಗೂ ಥರ್ಮಾಮೀಟರ್ ತೋರಿಸಿದೆ, ಆಸ್ಪತ್ರೆಯ ದಾರಿ ಹೇಳಿದೆ.

ಮಗನಿಗೆ ಈಗ ಹನ್ನೊಂದು. ಕೊನೆಯ ಫಿಟ್ಸ್ ಆಗಿ ಎರಡೂವರೆ ವರ್ಷವಾಯಿತು. ಎರಡು ವರ್ಷ ತುಂಬಿದ ಮೇಲೆ ವೈದ್ಯರು ದಿನದ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ಒಂದೊಂದು ಸಲ ಇಳಿಸಿದಾಗಲೂ ಕೆಲವು ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಕಳೆದ ದೀಪಾವಳಿಗೆ ನೀರು ತುಂಬುವ ಸಂಜೆ ಅತ್ತೆ ತಾವೇ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಎಳೆದು, ಮಾಲೆ ಕಟ್ಟಿದರು. ನರಕ ಚತುರ್ದಶಿಯ ಬೆಳಗ್ಗೆ ನಾನು ಎದ್ದು ನೋಡುವಾಗ ಬಚ್ಚಲಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಜಿನ ಕೊಳವೆಯನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ತಣ್ಣೀರು ಹಾಕಿದರು, ನೋಡಿದರು, ಇನ್ನೊಂದು ಲೋಟ ಹಾಕಿದರು, ಮತ್ತೆ ನೋಡಿದರು. ಆಮೇಲೆ "ಬಾ ಮಗನೇ" ಎಂದು ಕರೆದರು. ಅವನು ಹೋಗಿ ಮಣೆಯ ಮೇಲೆ ಕೂತ. ಮೊದಲ ಲೋಟ ಬಿತ್ತು. ಅತ್ತೆ ನಿಲ್ಲಿಸಿ ಅವನ ಮುಖ ನೋಡಿದರು. ಎರಡನೆಯದು ಬಿತ್ತು.

"ಅಜ್ಜಿ, ಕಣ್ಣಿಗೆ ಸೀಗೇಪುಡಿ ಹೋಯಿತು!" ಎಂದು ಅವನು ಕಿರುಚಿದ. ಅತ್ತೆ ಸೆರಗಿನ ತುದಿಯಿಂದ ಅವನ ಕಣ್ಣು ಒರೆಸಿ, ಮೂರನೆಯ ಲೋಟಕ್ಕೆ ನೀರು ತುಂಬಿದರು.