ಮಗ ಸೈನಿಕ ಶಾಲೆಗೆ ಹೊರಟಿದ್ದಾನಾ? ಟ್ರಂಕ್ ತುಂಬುವ ಮೊದಲು ಇಷ್ಟು ಕಲಿಸಿ

ಆಯ್ಕೆ ಪಟ್ಟಿಯಲ್ಲಿ ಮಗನ ಹೆಸರು ಬಂದ ದಿನ ಮನೆಯಲ್ಲಿ ಹಬ್ಬ. ನೆಂಟರಿಗೆಲ್ಲ ಫೋನು, ಪಕ್ಕದ ಮನೆಗೆ ಸಿಹಿ. ಮರುದಿನದಿಂದ ಅಂಗಡಿ ಸುತ್ತಾಟ. ಶಾಲೆಯವರು ಕೊಟ್ಟ ಪಟ್ಟಿ ಹಿಡಿದು ಬಿಳಿ ಶರ್ಟು ಎಷ್ಟು, ಕಾಲುಚೀಲ ಎಷ್ಟು ಜೊತೆ ಅಂತ ಲೆಕ್ಕ. ಆ ಪಟ್ಟಿಯಲ್ಲಿ ಇಲ್ಲದ ಕೆಲವು ಸಂಗತಿಗಳಿವೆ. ಹುಡುಗ ಮೊದಲ ರಾತ್ರಿ ಡಾರ್ಮಿಟರಿಯ ಮಂಚದ ಮೇಲೆ ಕೂತಾಗ ಅವನಿಗೆ ಬೇಕಾಗುವುದು ಅವೇ.

ನಾನು ಇಂಥ ಶಾಲೆಯೊಂದರಲ್ಲಿ ಆರನೇ ತರಗತಿಯಿಂದ ಹನ್ನೆರಡರವರೆಗೆ 7 ವರ್ಷ ಇದ್ದವನು. ಕಳೆದ ವರ್ಷ ಅಕ್ಕನ ಮಗ ಹೊರಟಾಗ ಅವನ ತಯಾರಿ ನನ್ನ ಪಾಲಿಗೆ ಬಂತು. ನನಗೆ ಯಾರೂ ಹೇಳಿಕೊಡದೆ ಇದ್ದದ್ದನ್ನೆಲ್ಲ ಅವನಿಗೆ ಹೇಳಿಕೊಟ್ಟೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಮೊದಲು ಯಾವ ಶಾಲೆ ಅಂತ ತಿಳಿಯಿರಿ

ಸೈನಿಕ ಶಾಲೆಗಳು ಶುರುವಾಗಿದ್ದು 1961ರಲ್ಲಿ, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ. ಸೇನೆಯ ಅಧಿಕಾರಿಗಳು ಕೆಲವೇ ಪ್ರದೇಶಗಳಿಂದ, ಕೆಲವೇ ಬಗೆಯ ಮನೆಗಳಿಂದ ಬರುತ್ತಿದ್ದರು. ಎಲ್ಲ ರಾಜ್ಯಗಳ ಸಾಮಾನ್ಯ ಮನೆಗಳ ಹುಡುಗರೂ ಪುಣೆ ಹತ್ತಿರದ ಖಡಕ್‌ವಾಸ್ಲಾದ ಎನ್‌ಡಿಎ (ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ತಲುಪಲಿ ಎಂಬುದು ಉದ್ದೇಶ. ಮೊದಲನೆಯದು ಮಹಾರಾಷ್ಟ್ರದ ಸಾತಾರಾದಲ್ಲಿ ಬಂತು. ನಮ್ಮಲ್ಲಿ ವಿಜಯಪುರದ ಶಾಲೆ 1963ರದ್ದು, ಕೊಡಗಿನ ಕೂಡಿಗೆಯದ್ದು 2007ರದ್ದು. ತುಂಬ ವರ್ಷ ಇವು ಹುಡುಗರ ಶಾಲೆಗಳೇ ಆಗಿದ್ದವು. 2021-22ರಿಂದ ಎಲ್ಲ ಸೈನಿಕ ಶಾಲೆಗಳೂ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿವೆ.

ಬೆಂಗಳೂರು ಮತ್ತು ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಗಳು ಬೇರೆ. ಅವು 1940ರ ದಶಕದವು. ಅವುಗಳ ಪ್ರವೇಶ ಪರೀಕ್ಷೆಯೂ ಬೇರೆ. ಅಲ್ಲಿ ಸೇನೆಯ ಜವಾನರು ಮತ್ತು ಜೆಸಿಒಗಳ (ಜವಾನರ ಮೇಲಿನ ಕಿರಿಯ ಅಧಿಕಾರಿಗಳ) ಮಕ್ಕಳಿಗೆ ಸೀಟು ಜಾಸ್ತಿ. ಡೆಹ್ರಾಡೂನ್‌ನ ಆರ್‌ಐಎಂಸಿ (ರಾಷ್ಟ್ರೀಯ ಭಾರತೀಯ ಮಿಲಿಟರಿ ಕಾಲೇಜು) 1922ರದ್ದು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಓದಿದ್ದು ಅಲ್ಲೇ. ಅಲ್ಲಿಗೆ ಪ್ರವೇಶ ಎಂಟನೇ ತರಗತಿಗೆ. ಖಾಸಗಿ ಸಂಸ್ಥೆಗಳ ಜೊತೆ ಸೇರಿ ನಡೆಯುವ ಹೊಸ ಸೈನಿಕ ಶಾಲೆಗಳೂ ಈಗ ಇವೆ. ಅವುಗಳ ಶುಲ್ಕ, ವಸತಿ ಒಂದೊಂದು ಕಡೆ ಒಂದೊಂದು ಥರ. ಸೇರಿಸುವ ಮೊದಲು ಖುದ್ದಾಗಿ ಹೋಗಿ ನೋಡಿ.

ಪರೀಕ್ಷೆ: ಗಣಿತ ಬಿಟ್ಟರೆ ಕೆಟ್ಟಿತು

ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಯನ್ನು ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತದೆ. ಆರನೇ ತರಗತಿಗೆ ಸೇರಲು ಆ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷದೊಳಗೆ ಇರಬೇಕು. ಒಂಬತ್ತನೆಯದಕ್ಕೆ 13ರಿಂದ 15. ಆರನೆಯದಕ್ಕೆ 300 ಅಂಕ, 125 ಪ್ರಶ್ನೆ, 150 ನಿಮಿಷ. ಇದರಲ್ಲಿ ಗಣಿತ ಒಂದಕ್ಕೇ 150 ಅಂಕ. ಉಳಿದ ಅರ್ಧವನ್ನು ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನ ಹಂಚಿಕೊಳ್ಳುತ್ತವೆ, ತಲಾ 50. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಳ್ಳಿಯ ಕನ್ನಡ ಶಾಲೆಯ ಮಕ್ಕಳಿಗೆ ಇದು ದೊಡ್ಡ ಬಾಗಿಲು. ಒಂಬತ್ತನೆಯದಕ್ಕೆ ಮಾತ್ರ ಇಂಗ್ಲಿಷ್‌ನಲ್ಲೇ ಬರೆಯಬೇಕು.

ಉತ್ತರ ಗುರುತಿಸುವುದು ಒಎಂಆರ್ ಹಾಳೆಯಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ ಅಂತ ಹೇಳಿ. ವೃತ್ತ ತುಂಬಿಸುವುದನ್ನು ಮನೆಯಲ್ಲೇ ಹತ್ತು ಸಲ ಮಾಡಿಸಿ.

ಬರಹದ ಪರೀಕ್ಷೆ ದಾಟಿದ ಮೇಲೆ ವೈದ್ಯಕೀಯ ಪರೀಕ್ಷೆ. ಇದಕ್ಕೆ ಕರೆ ಬರುವವರೆಗೆ ಕಾಯಬೇಡಿ. ಅರ್ಜಿ ಹಾಕುವಾಗಲೇ ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲು ತೋರಿಸಿ. ಕಿವಿಯ ಗುಗ್ಗೆ, ಹುಳುಕು ಹಲ್ಲು ಇವೆಲ್ಲ ಸರಿಪಡಿಸಬಹುದಾದವು. ಬಣ್ಣ ಗುರುತಿಸಲು ಆಗದಿದ್ದರೆ ಅದಕ್ಕೆ ಮದ್ದಿಲ್ಲ. ಎರಡು ವರ್ಷ ಕೋಚಿಂಗ್ ಮಾಡಿಸಿ ಕೊನೆಗೆ ಇದು ಗೊತ್ತಾದರೆ ಮಗುವಿಗೆ ಎಷ್ಟು ನೋವು, ಅಲ್ವಾ?

ಎರಡು ತಿಂಗಳ ಮನೆಪಾಠ

ಪುಸ್ತಕ ಬದಿಗಿಡಿ. ಈಗ ಕೈಕೆಲಸದ ಸಮಯ.

ನಾನು ಸೇರಿದಾಗ ನನಗೆ ಷೂ ಲೇಸು ಕಟ್ಟಲು ಬರುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಕಟ್ಟುತ್ತಿದ್ದರು. ಮೊದಲ ಬೆಳಿಗ್ಗೆ ಸೀಟಿ ಊದಿದಾಗ ಎಲ್ಲರೂ ಫಾಲ್-ಇನ್‌ಗೆ, ಅಂದರೆ ಸಾಲಾಗಿ ನಿಲ್ಲಲು ಓಡಿದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಲೇಸಿನ ಜೊತೆ ಒದ್ದಾಡುತ್ತಿದ್ದೆ. ಆ ಒಂದು ನಿಮಿಷದ ಭಯ ಇವತ್ತಿಗೂ ನೆನಪಿದೆ. ಅದಕ್ಕೇ ಅಕ್ಕನ ಮಗನಿಗೆ ಮೊದಲು ಕಲಿಸಿದ್ದು ಲೇಸು. ಕಣ್ಣು ಮುಚ್ಚಿಕೊಂಡು ಕಟ್ಟುವವರೆಗೂ ಬಿಡಲಿಲ್ಲ.

ಆಮೇಲೆ ಪಾಲಿಶ್. ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಬೇಕು. ಧೂಳಿನ ಮೇಲೇ ಪಾಲಿಶ್ ಹಚ್ಚಿದರೆ ಎಷ್ಟು ತಿಕ್ಕಿದರೂ ಹೊಳಪು ಬರುವುದಿಲ್ಲ. ಬಟ್ಟೆಯ ತುದಿಯಲ್ಲಿ ಸ್ವಲ್ಪವೇ ಪಾಲಿಶ್ ತೆಗೆದುಕೊಂಡು ಸಣ್ಣ ಸಣ್ಣ ಸುತ್ತಿನಲ್ಲಿ ಹಚ್ಚಿ, ಐದು ನಿಮಿಷ ಹಾಗೇ ಬಿಡಬೇಕು. ಆಮೇಲೆ ಬ್ರಷ್, ಕೊನೆಗೆ ಮೆತ್ತನೆ ಬಟ್ಟೆ. ಹಿಮ್ಮಡಿಯ ಹಿಂಭಾಗ ಮರೆಯಬಾರದು. ಇನ್‌ಸ್ಪೆಕ್ಷನ್‌ನಲ್ಲಿ ನೋಡುವವರ ಕಣ್ಣು ಹೋಗುವುದು ಅಲ್ಲಿಗೇ. ಇದನ್ನು ಬೆಳಿಗ್ಗೆ ಮಾಡಲು ಆಗದು, ರಾತ್ರಿಯೇ ಮುಗಿಸಿ ಮಲಗಬೇಕು. ಈ ಅಭ್ಯಾಸ ಮನೆಯಿಂದಲೇ ಬರಲಿ.

ಹಾಸಿಗೆ ಸರಿಮಾಡುವುದು ಮೂರನೆಯದು. ಚಾದರ ಬಿಗಿಯಾಗಿ ಎಳೆದು, ಮೂಲೆಗಳನ್ನು ಮಡಚಿ ಹಾಸಿಗೆಯ ಕೆಳಗೆ ತೂರಿಸಬೇಕು. ಕೈಯಾಡಿಸಿದರೆ ಒಂದೂ ಸುಕ್ಕು ಸಿಗಬಾರದು. ಎದ್ದ ಕೂಡಲೇ ಮಾಡಬೇಕು. ಮೊದಲ ವಾರ ಸುಕ್ಕಿದ್ದರೂ ನೀವು ಕೈ ಹಾಕಬೇಡಿ. ತಾಯಂದಿರಿಗೆ ಇದು ಬಹಳ ಕಷ್ಟ. ನನ್ನ ಅಕ್ಕ ಬಾಗಿಲ ಹತ್ತಿರ ನಿಂತು ನೋಡಲಾಗದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಒಳಬಟ್ಟೆ, ಕಾಲುಚೀಲ ದಿನಾ ಅವನೇ ಒಗೆಯಲಿ. ಹತ್ತು ನಿಮಿಷದಲ್ಲಿ ಸ್ನಾನ ಮುಗಿಸಲಿ. ಟೈ ಕಟ್ಟಲಿ. ಕಿತ್ತ ಗುಂಡಿ ಹೊಲಿಯಲು ಕಲಿಯಲಿ. ತಟ್ಟೆಗೆ ಬಡಿಸಿದ್ದನ್ನು ಪೂರ್ತಿ ತಿನ್ನಲಿ. ಮೆಸ್‌ನಲ್ಲಿ ‘ನನಗೆ ಇದು ಬೇಡ’ ಅಂದರೆ ಬೇರೆ ಮಾಡಿಕೊಡುವವರು ಇರುವುದಿಲ್ಲ. ಗಂಟೆ ಹೊಡೆಯುವುದರೊಳಗೆ ಊಟ ಮುಗಿಯಬೇಕು.

ಟ್ರಂಕಿನ ಬೀಗಕ್ಕೆ ಮೂರು ಕೀ ಇರಲಿ. ಒಂದು ಅವನ ಕೊರಳಿನ ದಾರದಲ್ಲಿ, ಒಂದು ಹೌಸ್ ಮಾಸ್ಟರ್ (ಅವನ ಹಾಸ್ಟೆಲ್ ನೋಡಿಕೊಳ್ಳುವ ಮೇಷ್ಟರು) ಅಥವಾ ಮೇಟ್ರನ್ (ಮಕ್ಕಳ ಆರೈಕೆ ನೋಡಿಕೊಳ್ಳುವವರು) ಹತ್ತಿರ, ಇನ್ನೊಂದು ನಿಮ್ಮ ಮನೆಯಲ್ಲಿ. ಪ್ರತಿ ಬಟ್ಟೆಯ ಮೇಲೂ, ಒಂದೊಂದು ಕಾಲುಚೀಲದ ಮೇಲೂ ರೋಲ್ ನಂಬರ್ ಇರಲಿ. ಇಂಕಿನಲ್ಲಿ ಬರೆದರೆ ಧೋಬಿಯ ಕೈಯಲ್ಲಿ ನಾಲ್ಕು ವಾರವೂ ಉಳಿಯುವುದಿಲ್ಲ, ದಾರದಲ್ಲಿ ಹೊಲಿಯಿರಿ.

ದಿನ ಹೇಗಿರುತ್ತದೆ ಅಂತ ಮೊದಲೇ ಹೇಳಿ

ಶಾಲೆಯಿಂದ ಶಾಲೆಗೆ, ಚಳಿಗಾಲದಿಂದ ಬೇಸಿಗೆಗೆ ವೇಳೆ ಸ್ವಲ್ಪ ಬದಲಾಗುತ್ತದೆ. ಸಾಮಾನ್ಯವಾಗಿ ಐದೂವರೆ ಹೊತ್ತಿಗೆ ಏಳಬೇಕು. ಪಿ.ಟಿ. ಅಥವಾ ಡ್ರಿಲ್, ಸ್ನಾನ, ತಿಂಡಿ, ಅಸೆಂಬ್ಲಿ, ಮಧ್ಯಾಹ್ನದವರೆಗೆ ತರಗತಿ. ಊಟದ ನಂತರ ಸ್ವಲ್ಪ ವಿಶ್ರಾಂತಿ, ಸಂಜೆ ಆಟ, ಆಮೇಲೆ ಪ್ರೆಪ್, ಅಂದರೆ ಮೇಷ್ಟರ ಕಣ್ಣೆದುರು ಸದ್ದಿಲ್ಲದೆ ಕೂತು ಓದುವುದು. ರಾತ್ರಿ ಊಟ, ರೋಲ್ ಕಾಲ್, ಲೈಟ್ಸ್ ಔಟ್. ಸುಮ್ನೆ ಕೂರುವ ಹೊತ್ತು ತುಂಬ ಕಡಿಮೆ.

ಮನೆಯಲ್ಲಿ ಏಳೂವರೆಗೆ ಏಳುವವನನ್ನು ಒಂದೇ ಸಲಕ್ಕೆ ಐದೂವರೆಗೆ ಎಬ್ಬಿಸಬೇಡಿ. ವಾರಕ್ಕೆ ಕಾಲು ಗಂಟೆಯಂತೆ ಬೇಗ ಎಬ್ಬಿಸುತ್ತಾ ಬನ್ನಿ. ಎಂಟು ವಾರಕ್ಕೆ ಲೆಕ್ಕ ಸರಿಹೋಗುತ್ತದೆ. ರಾತ್ರಿಯೂ ಅಷ್ಟೇ ಬೇಗ ಮಲಗಿಸಬೇಕು, ಇಲ್ಲದಿದ್ದರೆ ಮಗು ಬರೀ ಸುಸ್ತಾಗುತ್ತದೆ.

ಇಂಗ್ಲಿಷಿನ ಬಗ್ಗೆ ಒಂದು ಮಾತು. ಪಾಠವೆಲ್ಲ ಇಂಗ್ಲಿಷ್‌ನಲ್ಲಿ, ಸಿಬಿಎಸ್‌ಇ ಪಠ್ಯ. ಕನ್ನಡ ಶಾಲೆಯಿಂದ ಹೋದ ಹುಡುಗ ಮೊದಲ ಟರ್ಮ್‌ನಲ್ಲಿ ತಡವರಿಸುತ್ತಾನೆ. ತರಗತಿಯಲ್ಲಿ ಬುದ್ಧಿವಂತ ಅನ್ನಿಸಿಕೊಂಡಿದ್ದವನು ಹಿಂದಿನ ಬೆಂಚಿಗೆ ಸರಿಯುತ್ತಾನೆ. ನಾನೂ ಸರಿದಿದ್ದೆ. ವ್ಯಾಕರಣದ ಕ್ಲಾಸಿಗೆ ಕಳಿಸುವ ಬದಲು ದಿನಾ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿ. ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಸರ್’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ನಾಚಿಕೆಯಿಲ್ಲದೆ ಹೇಳಲು ಕಲಿಸಿ. ಆ ಒಂದು ವಾಕ್ಯ ವರ್ಷವಿಡೀ ಕೆಲಸಕ್ಕೆ ಬರುತ್ತದೆ.

ಹೇಳಿಕೊಳ್ಳುವುದನ್ನೂ ಕಲಿಸಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು.

ನಾನು ಏಳನೇ ತರಗತಿಯಲ್ಲಿದ್ದಾಗ ಒಬ್ಬ ಸೀನಿಯರ್ ದಿನಾ ತನ್ನ ಬಟ್ಟೆ ನನ್ನಿಂದ ಒಗೆಸುತ್ತಿದ್ದ. ಮಾಡದಿದ್ದರೆ ಹೊಡೆತ. ಸುಮಾರು ಮೂರು ತಿಂಗಳು ನಡೆಯಿತು. ನಾನು ಯಾರಿಗೂ ಹೇಳಲಿಲ್ಲ. ಗಂಡುಹುಡುಗ, ಅದೂ ಸೇನೆಗೆ ಹೋಗುವವನು, ದೂರು ಹೇಳಬಾರದು ಅಂದುಕೊಂಡಿದ್ದೆ. ಕೊನೆಗೆ ನನ್ನ ಕೈಯ ಹುಣ್ಣು ನೋಡಿ ಮೇಟ್ರನ್ ಕೇಳಿದರು. ಒಂದೇ ದಿನದಲ್ಲಿ ನಿಂತಿತು. ಮೂರು ತಿಂಗಳು ಸುಮ್ಮನೆ ನರಳಿದ್ದೆ.

ಸೀನಿಯರ್‌ಗಳು ತಿದ್ದುತ್ತಾರೆ, ಕಲಿಸುತ್ತಾರೆ. ಎಷ್ಟೋ ಸಲ ಅಣ್ಣಂದಿರ ಹಾಗೆ ನೋಡಿಕೊಳ್ಳುತ್ತಾರೆ. ನನಗೆ ಗಣಿತ ಹೇಳಿಕೊಟ್ಟಿದ್ದೂ ಒಬ್ಬ ಸೀನಿಯರೇ. ಆದರೆ ಶಿಸ್ತು ಬೇರೆ, ಹಿಂಸೆ ಬೇರೆ. ಈ ವ್ಯತ್ಯಾಸವನ್ನು ಮಗುವಿಗೆ ಬಿಡಿಸಿ ಹೇಳಿ. ತಡವಾಗಿ ಬಂದದ್ದಕ್ಕೆ ಎಲ್ಲರೆದುರು ಗ್ರೌಂಡ್ ಸುತ್ತ ಓಡಿಸಿದರೆ ಅದು ಶಾಲೆಯ ರೀತಿ. ದೀಪ ಆರಿದ ಮೇಲೆ ಕರೆದರೆ, ಹೊಡೆದರೆ, ದುಡ್ಡು ಕೇಳಿದರೆ, ಮುಟ್ಟಬಾರದ ಕಡೆ ಮುಟ್ಟಿದರೆ, ‘ಯಾರಿಗೂ ಹೇಳಬೇಡ’ ಅಂದರೆ, ಅವತ್ತೇ ಹೇಳಬೇಕು. ಹೌಸ್ ಮಾಸ್ಟರ್‌ಗೆ, ಮೇಟ್ರನ್‌ಗೆ, ಇಲ್ಲವೇ ನಿಮಗೆ.

ಫೋನಿನಲ್ಲಿ ಪಕ್ಕದಲ್ಲಿ ಬೇರೆಯವರು ನಿಂತಿರುತ್ತಾರೆ. ಬಾಯಿಬಿಟ್ಟು ಹೇಳಲು ಆಗದೆ ಇರಬಹುದು. ಅದಕ್ಕೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಾವು ಇಟ್ಟುಕೊಂಡಿದ್ದು ‘ಅಜ್ಜಿಯ ಕನ್ನಡಕ ಸಿಕ್ತಾ?’ ಅನ್ನುವ ಪ್ರಶ್ನೆ. ಅವನು ಅದನ್ನು ಕೇಳಿದರೆ ಮರುದಿನವೇ ನಾವು ಹೊರಡಬೇಕು. ಇವತ್ತಿನವರೆಗೆ ಅವನು ಕೇಳಿಲ್ಲ. ಆದರೂ ಪ್ರತಿ ರಜೆಯಲ್ಲಿ ನೆನಪಿಸುತ್ತೇನೆ.

ಬಿಟ್ಟು ಬರುವ ದಿನ, ಆಮೇಲಿನ ಮೂರು ವಾರ

ಬೆಳಿಗ್ಗೆಯೇ ತಲುಪಿ. ಮಂಚ, ಕಪಾಟು, ಬಚ್ಚಲು, ಮೆಸ್, ಆಸ್ಪತ್ರೆ ಕೋಣೆ ಎಲ್ಲ ಅವನ ಜೊತೆ ನಡೆದು ನೋಡಿ. ಅವನಿಗೆ ಏನಾದರೂ ಅಲರ್ಜಿ ಇದ್ದರೆ, ಮಾತ್ರೆ ನಡೆಯುತ್ತಿದ್ದರೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತಿದ್ದರೆ ಮೇಟ್ರನ್‌ಗೆ ಪಕ್ಕಕ್ಕೆ ಕರೆದು ಹೇಳಿ. ಮುಚ್ಚಿಟ್ಟರೆ ಕಷ್ಟಪಡುವವನು ಮಗು. ಕತ್ತಲಾಗುವ ಮೊದಲು ಹೊರಡಿ. ಹೇಳದೆ ಕದ್ದು ಹೋಗಬೇಡಿ. ‘ಹೋಗಿಬರ್ತೀವಿ, ಭಾನುವಾರ ಮಾತಾಡೋಣ’ ಅಂತ ಹೇಳಿ, ತಿರುಗಿ ತಿರುಗಿ ನೋಡದೆ ನಡೆಯಿರಿ.

ಮೊದಲ ಫೋನ್‌ನಲ್ಲಿ ಅಳು ಬರುತ್ತದೆ. ‘ಅಮ್ಮ, ಕರ್ಕೊಂಡು ಹೋಗು’ ಅನ್ನುತ್ತಾನೆ. ಅದು ಅವನಿಗೆ ಬೇರೆಯವರ ಎದುರು ಅಳಲಾಗದೆ ತುಂಬಿಕೊಂಡಿದ್ದ ಅಳು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಕೇಳಿಸಿಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ. ‘ಬರ್ತೀನಿ ತಾಳು’ ಅಂತ ಸುಳ್ಳು ಮಾತು ಕೊಡಬೇಡಿ. ‘ಅಳ್ಬೇಡ, ನೀನು ಸೈನಿಕ’ ಅಂತಲೂ ಅನ್ನಬೇಡಿ. ಪಕ್ಕದ ಮಂಚದವನ ಹೆಸರೇನು, ಇವತ್ತು ಯಾವ ಆಟ ಆಡಿದೆ ಅಂತ ಕೇಳಿ. ಎರಡನೇ ವಾರ ಪಕ್ಕದ ಮಂಚದವನ ಊರು ಹೇಳುತ್ತಾನೆ. ಮೂರನೆಯದರಲ್ಲಿ ನಮ್ಮ ಹೌಸ್ ಗೆದ್ದಿತು ಅನ್ನುತ್ತಾನೆ. ಎಲ್ಲರಿಗೂ ಇದೇ ಲೆಕ್ಕ ಅಲ್ಲ. ಆರು ವಾರ ಕಳೆದರೂ ಊಟ ಬಿಟ್ಟು, ನಿದ್ದೆ ಬಿಟ್ಟು ಸೊರಗುತ್ತಿದ್ದರೆ ಹೋಗಿ ಹೌಸ್ ಮಾಸ್ಟರ್ ಜೊತೆ ಕೂತು ಮಾತಾಡಿ. ವಾಪಸ್ ಕರೆತರಬೇಕಾಗಿ ಬಂದರೆ ಅದರಲ್ಲಿ ಅವಮಾನ ಏನೂ ಇಲ್ಲ. ಇಲ್ಲಿ ಓದಿದವರೆಲ್ಲ ಸೇನೆಗೇ ಹೋಗುವುದಿಲ್ಲ. ನಾನೂ ಹೋಗಲಿಲ್ಲ. ಇಲ್ಲಿ ಓದದೆಯೂ ಸಾವಿರಾರು ಜನ ಎನ್‌ಡಿಎ ಸೇರಿದ್ದಾರೆ.

ಫೋನು ಸಿಗುವುದು ವಾರಕ್ಕೊಮ್ಮೆ ಇರಬಹುದು. ಮಧ್ಯೆ ಕಾಗದ ಬರೆಯಿರಿ. ಮನೆಯ ನಾಯಿ, ಹಿತ್ತಲ ಗಿಡ, ತಂಗಿಯ ಜಗಳ ಇಷ್ಟೇ ಸಾಕು. ನಾನು ಅಪ್ಪನ ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಮೊದಲ ರಜೆ

ಮೊದಲ ರಜೆಗೆ ಬಂದ ಹುಡುಗ ಐದೂವರೆಗೆ ಎದ್ದು ಚಾದರ ಬಿಗಿಯುತ್ತಾನೆ. ಎರಡೇ ದಿನ. ಮೂರನೇ ದಿನ ಹತ್ತು ಗಂಟೆಯಾದರೂ ಏಳುವುದಿಲ್ಲ. ಬಿಡಿ, ಮಲಗಲಿ. ರಜೆಯ ಕೊನೆಯ ವಾರ ಮಾತ್ರ ಮತ್ತೆ ಬೆಳಿಗ್ಗೆ ಎಬ್ಬಿಸಿ.

ಎರಡನೇ ಸಲ ಹೊರಡುವುದು ಮೊದಲನೆಯದಕ್ಕಿಂತ ಕಷ್ಟ. ಮೊದಲ ಸಲ ಅವನಿಗೆ ಗೊತ್ತಿರಲಿಲ್ಲ, ಈಗ ಗೊತ್ತು. ಹಿಂದಿನ ಸಂಜೆ ಹೊಟ್ಟೆನೋವು ಅನ್ನಬಹುದು. ಟ್ರಂಕ್ ಅವನೇ ತುಂಬಲಿ. ನೀವು ಪಕ್ಕದಲ್ಲಿ ಕೂತು ಪಟ್ಟಿ ಓದಿ. ಬೀಗ ಹಾಕುವ ಮೊದಲು ಮೂರೂ ಕೀ ಎಲ್ಲಿವೆ ಅಂತ ಕೇಳಿ.