ಮನೆ ಮುಂದಿನ ಎಲಿವೇಶನ್ ಕಲ್ಲು ಉದುರದಂತೆ ಅಂಟಿಸುವುದು ಹೇಗೆ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ. ಎರಡು ಬೇಸಿಗೆ ಕಳೆಯುವಷ್ಟರಲ್ಲೇ ಹಲ್ಲುದುರಿದ ಬಾಯಂತಾದ ಮನೆಗಳು ಕಣ್ಣಿಗೆ ಬೀಳುತ್ತವೆ. ಬೈಗುಳವೆಲ್ಲ ಕಲ್ಲಿಗೆ, ಕೆಟ್ಟಿರುವುದು ಕಲ್ಲಿನ ಹಿಂದೆ.

ಗೋಡೆ: ಕಲ್ಲು ಹೊರುವ ಗೋಡೆಗೆ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಇರಲಿ. ಇಟ್ಟಿಗೆಯನ್ನು 24 ಗಂಟೆ ನೀರಲ್ಲಿಟ್ಟು ತೂಗಿ. ತೂಕ ಶೇ 20ಕ್ಕಿಂತ ಹೆಚ್ಚಿದರೆ ಬೇಡ. ಹಸಿ ಬ್ಲಾಕ್ ಬಂದರೆ ಲಾರಿಯಿಂದ ಇಳಿಸಲೇಬೇಡಿ, ಅದು ಒಣಗಿ ಕುಗ್ಗಿದಾಗ ಗೋಡೆ ಬಿರುಕು ಬಿಡುತ್ತದೆ. ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರವಾದ ಎಎಸಿ ಬ್ಲಾಕ್ ಕಾವು ತಡೆಯುತ್ತದೆ. ಕಲ್ಲು ಹೊರದ ಪಡುವಣ ಗೋಡೆಗೆ ಅದೇ ಸರಿ, ಅಲ್ಲಿ ಬರೀ ಬಣ್ಣ ಸಾಕು.

ಗಿಲಾವು: ಪಿಲ್ಲರ್ ಮತ್ತು ಬ್ಲಾಕ್ ಕೂಡುವಲ್ಲಿ ಜಾಲರಿ ಹೊಡೆಸಿ. ವಾರವಾದರೂ ನೀರುಣಿಸಿ, ಆಮೇಲೆ ಚೆನ್ನಾಗಿ ಒಣಗಲು ಬಿಡಿ. ಮೈ ಒರಟಾಗಿರಲಿ, ಪುಟ್ಟಿ, ಸುಣ್ಣ ಬಳಿಯಕೂಡದು.

ಕಲ್ಲು: ನಿಮ್ಮಿಷ್ಟ. ನಮ್ಮೂರ ಧೂಳಿಗೆ ಏಣು-ಗೋಣಿನ ಕಲ್ಲಿಗಿಂತ ನುಣುಪಾದದ್ದೇ ವಾಸಿ. ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ತಿರುಳಿರುವ ಎಸಿಪಿ ಶೀಟ್ ಮಾತ್ರ ಮನೆಗೆ ತರಬೇಡಿ, ಬೆಂಕಿ ಹತ್ತಿದರೆ ಧಗಧಗ ಉರಿಯುತ್ತದೆ.

ಅಂಟಿಸುವುದು: ಎಡವುವುದು ಇಲ್ಲೇ. ಚಿತ್ರದುರ್ಗದ ಕೋಟೆಯ ಕಲ್ಲು ತನ್ನ ಭಾರದ ಮೇಲೆ ತಾನೇ ಕೂತಿದೆ. ನಿಮ್ಮ ಮನೆಯ ತೆಳುಗಲ್ಲು ಕೂತಿಲ್ಲ, ನೇತಾಡುತ್ತಿದೆ. ಅದರ ಬೆನ್ನಿಗೆ ಐದು ಮುದ್ದೆ ಸಿಮೆಂಟ್ ಒತ್ತಿ ಮೆತ್ತುವುದು ಬಹಳ ಮೇಸ್ತ್ರಿಗಳ ರೂಢಿ. ಮುದ್ದೆಗಳ ನಡುವೆ ಟೊಳ್ಳು ಉಳಿದು, ಮಳೆನೀರು ಅಲ್ಲಿ ನಿಲ್ಲುತ್ತದೆ. ವಿಟ್ರಿಫೈಡ್ ಟೈಲ್ಸ್ ಅಂತೂ ಹೆಚ್ಚುಕಡಿಮೆ ನೀರನ್ನೇ ಹೀರುವುದಿಲ್ಲ. ಸಿಮೆಂಟ್ ಹಾಲು ಅದನ್ನು ಹಿಡಿಯುವುದೇ ಇಲ್ಲ.

ಹೊರಗೋಡೆಗೆ ಬಳಸಬಹುದು ಎಂದು ಚೀಲದ ಮೇಲೆ ಬರೆದಿರುವ ಟೈಲ್-ಕಲ್ಲಿನ ಅಂಟನ್ನೇ (ಅಡ್ಹೆಸಿವ್) ತನ್ನಿ. ಎಷ್ಟು ನೀರು ಬೇಕೆಂದೂ ಅಲ್ಲೇ ಇರುತ್ತದೆ, ಅಳೆದು ಕಲಸಿ. ಕಲ್ಲಿನ ಹಿಂಬದಿಯ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆರಲು ಬಿಡಿ. ಹಲ್ಲಿರುವ ಕರಣೆಯಿಂದ ಗೋಡೆಗೆ ಅಂಟನ್ನು ಗೀರು ಗೀರಾಗಿ ಎಳೆಯಿರಿ, ಕಲ್ಲಿನ ಬೆನ್ನಿಗೂ ತೆಳ್ಳಗೆ ಸವರಿ. ಒತ್ತಿದ ಮೊದಲ ಕಲ್ಲನ್ನು ಆಗಲೇ ಕಿತ್ತು ನೋಡಿ: ಬೆನ್ನು ಪೂರ್ತಿ ಮೆತ್ತಿರಬೇಕು. ಮೂಡಣ ಗೋಡೆಯ ಕೆಲಸ ಮಧ್ಯಾಹ್ನದ ಮೇಲೆ, ಪಡುವಣದ್ದು ಬೆಳಿಗ್ಗೆ. ಏಪ್ರಿಲ್ ಬಿಸಿಲಲ್ಲಿ ಅಂಟು ಬೇಗ ಕೆನೆಗಟ್ಟುತ್ತದೆ. ಬೆರಳಿಗೆ ಅಂಟದಿದ್ದರೆ ಕೆರೆದು ಹಾಕಿ. ‘ಸ್ವಲ್ಪ ನೀರು ಚಿಮುಕಿಸಿದ್ರೆ ಆತು ಬಿಡ್ರಿ ಸಾರ್’ ಎಂದು ಮೇಸ್ತ್ರಿ ಅಂದರೆ ಒಪ್ಪಬೇಡಿ, ಸತ್ತ ಅಂಟಿಗೆ ನೀರು ಜೀವ ಕೊಡುವುದಿಲ್ಲ.

ನಡುವೆ 3 ಮಿಲಿಮೀಟರ್ ಸಂದು ಬಿಡಿ. ಸಂದಿಲ್ಲದೆ ಜೋಡಿಸಿದರೆ ಚಂದವೇ, ಆದರೆ ಬಿಸಿಲಿಗೆ ಹಿಗ್ಗಿದ ಕಲ್ಲು ಪಕ್ಕದ್ದನ್ನು ನೂಕುತ್ತದೆ. ಮಹಡಿಯೆತ್ತರದಲ್ಲಿ ದಪ್ಪ ಕಲ್ಲಿಗೆ ಅಂಟೊಂದೇ ಸಾಲದು, ಕಲ್ಲನ್ನು ಗೋಡೆಗೆ ಬಿಗಿಯುವ ಸ್ಟೀಲ್ ಕ್ಲಾಂಪ್ ಬೇಕೇ ಬೇಕು.

ಕೊನೆಗೆ: ಅಂಟು ಬಲಿತ ಮೇಲೆ, ಕೊನೆಯ ಕಂತು ಕೊಡುವ ಮುಂಚೆ, ನಾಣ್ಯದಿಂದ ಒಂದೊಂದೂ ಕಲ್ಲನ್ನು ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಕೀಳಿಸಿ. ಮೇಲಂಚಿನ ಸಂದಿಗೆ ನೀರು ತಡೆಯುವ ಸೀಲಂಟ್ ತುಂಬಿಸಿ, ಅದರ ಮೇಲೊಂದು ಹಾಸುಗಲ್ಲು ಮುಂದಕ್ಕೆ ಚಾಚಿಸಿ ಕೂರಿಸಿ. ನೀರು ಒಳನುಗ್ಗುವುದು ಅಲ್ಲಿಂದಲೇ.